ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್: ಹಾಕಿಸಿಕೊಂಡವರು, ಬೇಡ ಅಂದವರು ಇಬ್ಬರೂ ಹೇಳಿ

ಸಂಜೆಮುಗಿಲು
ಎಲ್ಲರಿಗೂ ನಮಸ್ಕಾರ. ನನಗೆ 43. ಎರಡು ಹುಬ್ಬಿನ ನಡುವೆ ಉದ್ದುದ್ದ ಗೆರೆ ಬಂದಿವೆ. ಸುಮ್ನೆ ಕೂತಿದ್ದರೂ "ಯಾಕೆ, ಯಾರ ಮೇಲೆ ಸಿಟ್ಟು?" ಅಂತ ಕೇಳುತ್ತಾರೆ. ಆಫೀಸಿನಲ್ಲಿ ಹೊಸ ಹುಡುಗಿಯೊಬ್ಬಳು ನನ್ನ ಹತ್ತಿರ ರಜೆ ಕೇಳೋಕೆ ಹೆದರುತ್ತಾಳಂತೆ! ಹಣೆಯ ಮೇಲೂ ಅಡ್ಡಗೆರೆಗಳಿವೆ.

ನಾದಿನಿ "ಬೊಟಾಕ್ಸ್ ಇಂಜೆಕ್ಷನ್ ಹಾಕಿಸ್ಕೋ ಅತ್ತಿಗೆ, ಐದು ನಿಮಿಷದ ಕೆಲಸ" ಅಂತಾಳೆ. ಯಜಮಾನರು "ಅದು ವಿಷ" ಅಂತಾರೆ. ನಾದಿನಿಯ ಗೆಳತಿಯೊಬ್ಬರ ಮನೆಗೆ ಯಾರೋ ಬಂದು ಎಂಟು ಹತ್ತು ಜನಕ್ಕೆ ಒಟ್ಟಿಗೆ ಹಾಕುತ್ತಾರಂತೆ, ಹಾಗೆ ಮಾಡಿದರೆ ಖರ್ಚೂ ಕಡಿಮೆಯಂತೆ. ಮುಖ ಕಲ್ಲಾಗಿಬಿಡುತ್ತಾ? ಒಂದು ಸಲ ಹಾಕಿಸಿ ಬಿಟ್ಟರೆ ಮೊದಲಿಗಿಂತ ಜಾಸ್ತಿ ಸುಕ್ಕು ಬರುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕಾಮನಬಿಲ್ಲು
ಕೆಲವು ವರ್ಷದಿಂದ ಹಾಕಿಸುತ್ತಿದ್ದೇನೆ, ನಿಮ್ಮದೇ ಜಾಗಕ್ಕೆ. ಸೂಜಿ ತುಂಬ ಸಣ್ಣದು, ನೋವು ದೊಡ್ಡದೇನಲ್ಲ. ಚುಚ್ಚಿದ ಕಡೆ ಸಣ್ಣ ಗುಳ್ಳೆ ಥರ ಏಳುತ್ತೆ, ಅರ್ಧ ಗಂಟೆಯಲ್ಲಿ ಇಳಿಯುತ್ತೆ. ಮೊದಲ ಸಲ ಸಂಜೆ ಹೊತ್ತಿಗೆ ತಲೆನೋವು ಬಂದಿತ್ತು.

ತಕ್ಷಣ ಏನೂ ಆಗಲ್ಲ, ಇದನ್ನು ಮೊದಲೇ ತಿಳ್ಕೊಂಡಿರಿ. ಮೂರು ನಾಲ್ಕು ದಿನ ಬಿಟ್ಟು ಕನ್ನಡಿ ಮುಂದೆ ಹುಬ್ಬು ಗಂಟಿಕ್ಕೋಕೆ ಹೋದರೆ ಅದು ಅರ್ಧಕ್ಕೇ ನಿಲ್ಲುತ್ತೆ. ಎರಡು ವಾರಕ್ಕೆ ಪೂರ್ತಿ ಗೊತ್ತಾಗುತ್ತೆ. ಗಂಟಿಕ್ಕಬೇಕು ಅಂತ ಮನಸ್ಸು ಹೇಳುತ್ತೆ, ಹುಬ್ಬು ಕೇಳಲ್ಲ. ವಿಚಿತ್ರ ಅನುಭವ. ಮೂರರಿಂದ ನಾಲ್ಕು ತಿಂಗಳಿಗೆ ನಿಧಾನವಾಗಿ ವಾಪಸ್ ಬರುತ್ತೆ. ನಗು, ಮಾತು ಎಲ್ಲ ಮೊದಲಿನ ಹಾಗೇ. ಮುಖ ಕಲ್ಲಾಗೋದು ಎಲ್ಲ ಕಡೆ ಸಿಕ್ಕಾಪಟ್ಟೆ ತುಂಬಿಸಿಕೊಂಡವರಿಗೆ.

ಬಿಸಿಲುಕೋಲು
ನಿಮ್ಮ ಯಜಮಾನರು ಹೇಳಿದ್ದು ಸುಳ್ಳೇನಲ್ಲ ಮೇಡಂ. ಕೆಟ್ಟ ಡಬ್ಬಿ ಆಹಾರ ತಿಂದು ಬಾಟುಲಿಸಂ ಬಂದು ಉಸಿರು ನಿಂತು ಸಾಯುತ್ತಾರಲ್ಲ, ಅದನ್ನು ತರುವ ವಿಷವೇ ಇದು. ಎರಡು ಗೆರೆಗೋಸ್ಕರ ಅದನ್ನು ಮುಖಕ್ಕೆ ಚುಚ್ಚಿಸಿಕೊಳ್ಳಬೇಕಾ? ವಯಸ್ಸಾದರೆ ಗೆರೆ ಬರಲೇಬೇಕು.

ಚರ್ಮದ_ಡಾಕ್ಟ್ರು
ನಾನು ಚರ್ಮರೋಗ ತಜ್ಞ. ಈ ಇಂಜೆಕ್ಷನ್ ಕೊಡೋದು ನನ್ನ ದಿನದ ಕೆಲಸದಲ್ಲಿ ಒಂದು ಭಾಗ. ಹಾಗಾಗಿ ನಾನು ಪೂರ್ತಿ ತಟಸ್ಥ ಅಲ್ಲ, ಅದನ್ನು ನೆನಪಿಟ್ಟುಕೊಂಡೇ ಓದಿ.

ಬಿಸಿಲುಕೋಲು ಸರ್ ಹೇಳಿದ್ದು ನಿಜ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನೋ ಬ್ಯಾಕ್ಟೀರಿಯಾ ಮಾಡುವ ವಿಷವೇ ಇದು. ಗೊತ್ತಿರುವ ವಿಷಗಳಲ್ಲೆಲ್ಲ ಅತಿ ತೀಕ್ಷ್ಣವಾದವುಗಳಲ್ಲಿ ಒಂದು. 1820ರ ಹೊತ್ತಿಗೇ ಜರ್ಮನಿಯ ಯುಸ್ಟಿನಸ್ ಕೆರ್ನರ್ ಅನ್ನೋ ವೈದ್ಯ, ಕೆಟ್ಟ ಸಾಸೇಜ್ ತಿಂದು ಸತ್ತವರ ಲಕ್ಷಣಗಳನ್ನು ಬರೆದಿಟ್ಟ. ಇದನ್ನೇ ಸ್ವಲ್ಪ ಸ್ವಲ್ಪ ಕೊಟ್ಟರೆ ಔಷಧಿ ಆಗಬಹುದು ಅಂತಲೂ ಆಗಲೇ ಊಹಿಸಿದ್ದ. ಅದು ಕೈಗೂಡೋಕೆ ನೂರೈವತ್ತು ವರ್ಷ ಬೇಕಾಯಿತು. ಅಮೆರಿಕದ ಕಣ್ಣಿನ ಡಾಕ್ಟರ್ ಆಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಇದನ್ನು ಬಳಸಿದರು. 1989ರಲ್ಲಿ ಅಲ್ಲಿ ಅನುಮತಿ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ಕಾಯಿಲೆಗೆ. ಸುಕ್ಕಿನ ಕಥೆ ಶುರುವಾಗಿದ್ದು ಕೆನಡಾದಲ್ಲಿ. ಜೀನ್ ಕ್ಯಾರುದರ್ಸ್ ಕಣ್ಣಿನ ಡಾಕ್ಟರ್, ಗಂಡ ಅಲಸ್ಟೇರ್ ಚರ್ಮದ ಡಾಕ್ಟರ್. ರೆಪ್ಪೆಗೆ ಇಂಜೆಕ್ಷನ್ ಪಡೆಯುತ್ತಿದ್ದವರ ಹುಬ್ಬಿನ ನಡುವಿನ ಗೆರೆಯೂ ಹೋಗುತ್ತೆ ಅಂತ ಅವರ ಗಮನಕ್ಕೆ ಬಂತು. 1992ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಹುಬ್ಬಿನ ನಡುವಿನ ಗೆರೆಗೆ ಒಪ್ಪಿಗೆ ಕೊಟ್ಟಿದ್ದು 2002ರಲ್ಲಿ, ಕಣ್ಣಿನ ಅಂಚಿನ ಗೆರೆಗೆ 2013ರಲ್ಲಿ, ಹಣೆಗೆ 2017ರಲ್ಲಿ. ಮೈಗ್ರೇನ್, ಕಂಕುಳಲ್ಲಿ ವಿಪರೀತ ಬೆವರು, ಕತ್ತು ಒಂದು ಕಡೆ ತಿರುಚಿಕೊಳ್ಳುವ ಕಾಯಿಲೆ, ಇವಕ್ಕೂ ಕೊಡುತ್ತಾರೆ.

ಇದು ಮಾಡೋದು ಇಷ್ಟೇ. ನರದ ತುದಿಯಿಂದ ಅಸೆಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹೊರಬಂದರೆ ಸ್ನಾಯು ಬಿಗಿಯುತ್ತೆ. ಅದು ಹೊರಬರದ ಹಾಗೆ ಈ ಔಷಧಿ ತಡೆಯುತ್ತೆ. ಸ್ನಾಯು ಸಡಿಲವಾಗುತ್ತೆ, ಮೇಲಿನ ಚರ್ಮ ಮಡಚಲ್ಲ. ಕೆಲವು ತಿಂಗಳಲ್ಲಿ ನರದ ತುದಿ ಮತ್ತೆ ಕೆಲಸ ಶುರು ಮಾಡುತ್ತೆ.

ಪ್ರಮಾಣ ನೋಡಿ. ಹುಬ್ಬಿನ ನಡುವಿಗೆ ಬೊಟಾಕ್ಸ್ ಬ್ರಾಂಡಿನಲ್ಲಿ ಐದು ಕಡೆ ಚುಚ್ಚಿ ಒಟ್ಟು 20 ಯೂನಿಟ್ (ಈ ಔಷಧಿಯನ್ನು ಅಳೆಯುವ ಲೆಕ್ಕ). ಮನುಷ್ಯನ ಜೀವಕ್ಕೆ ಅಪಾಯ ಆಗುವ ಪ್ರಮಾಣ ಇದರ ನೂರು ಪಟ್ಟಿಗಿಂತ ಜಾಸ್ತಿ ಅಂತ ಅಂದಾಜು. ಹಾಗಾಗಿ ವಿಷವೋ ಅಲ್ಲವೋ ಅನ್ನುವ ಜಗಳದಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಯಾವ ಸ್ನಾಯುವಿಗೆ, ಎಷ್ಟು, ಯಾರ ಕೈಯಿಂದ, ಯಾವ ಬಾಟಲಿಯಿಂದ? ಕೇಳಬೇಕಾದ್ದು ಇದನ್ನು.

ಸಂಜೆಮುಗಿಲು
ತುಂಬ ಥ್ಯಾಂಕ್ಸ್ ಡಾಕ್ಟ್ರೇ. ಹಾಗಾದರೆ ಹುಬ್ಬಿಗೂ ಹಣೆಗೂ ಒಟ್ಟಿಗೇ ಹಾಕಿಸಿಕೊಳ್ಳಬಹುದಲ್ವಾ? ನಿಜ ಹೇಳಬೇಕು ಅಂದ್ರೆ ಹಣೆಯ ಅಡ್ಡಗೆರೆ ನೋಡಿದರೇ ನನಗೆ ಜಾಸ್ತಿ ಬೇಜಾರು.

ಚರ್ಮದ_ಡಾಕ್ಟ್ರು
ಹಣೆಯ ವಿಷಯದಲ್ಲಿ ಅವಸರ ಬೇಡಮ್ಮಾ. ಜನ ಮೊದಲು ಕೇಳೋದೇ ಹಣೆ, ಆಮೇಲೆ ಬೇಜಾರಾಗಿ ವಾಪಸ್ ಬರೋದೂ ಹಣೆಗೇ.

ಹುಬ್ಬನ್ನು ಕೆಳಕ್ಕೆ ಎಳೆಯೋಕೆ ಹಲವು ಸ್ನಾಯುಗಳಿವೆ. ಮೇಲಕ್ಕೆ ಎತ್ತೋಕೆ ಇರೋದು ಹಣೆಯ ಸ್ನಾಯು ಒಂದೇ. ಅದು ಎತ್ತುವಾಗಲೇ ಅಡ್ಡಗೆರೆ ಬೀಳೋದು. ಗೆರೆ ಬೇಡ ಅಂತ ಅದನ್ನು ಪೂರ್ತಿ ಸಡಿಲ ಮಾಡಿದರೆ ಹುಬ್ಬನ್ನು ಎತ್ತಿ ಹಿಡಿಯೋಕೆ ಯಾರೂ ಇರಲ್ಲ. ಹುಬ್ಬು ಕೆಳಗಿಳಿದು ಕಣ್ಣಿನ ಮೇಲೆ ಕೂರುತ್ತೆ. ಹಣೆ ನುಣ್ಣಗಿರುತ್ತೆ, ಮುಖ ಮಾತ್ರ ನಿದ್ದೆಗೆಟ್ಟ ಹಾಗೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಕನ್ನಡಿ ಮುಂದೆ ಕೂತು ಕಣ್ಣು ಮುಚ್ಚಿ, ಹಣೆ ಸಡಿಲ ಬಿಡಿ. ಅಂಗೈಯಿಂದ ಹಣೆಯನ್ನು ಅಲ್ಲಾಡದ ಹಾಗೆ ಮೆಲ್ಲಗೆ ಹಿಡಿದುಕೊಂಡು ಕಣ್ಣು ತೆರೆಯಿರಿ. ರೆಪ್ಪೆ ಅರ್ಧಕ್ಕೇ ನಿಂತು, ನೋಡೋಕೆ ಭಾರ ಅನ್ನಿಸಿದರೆ ದಿನವಿಡೀ ನೀವು ಹಣೆಯಿಂದಲೇ ಕಣ್ಣು ತೆರೆಯುತ್ತಿದ್ದೀರಿ ಅಂತ ಅರ್ಥ. ನಲವತ್ತು ದಾಟಿದ ಎಷ್ಟೋ ಜನ ಹೀಗೆ ಮಾಡುತ್ತಾರೆ, ಗೊತ್ತೇ ಇರಲ್ಲ. ಅಂಥವರಿಗೆ ನಾನು ಹಣೆಗೆ ಹಾಕಲ್ಲ, ಹಾಕಿದರೂ ಮೇಲ್ಭಾಗಕ್ಕೆ ಸ್ವಲ್ಪ ಮಾತ್ರ. ಹುಬ್ಬಿನ ನಡುವೆ ಹಾಗಲ್ಲ. ಅಲ್ಲಿ ಕೆಳಕ್ಕೆ ಎಳೆಯುವ ಸ್ನಾಯು ಸಡಿಲ ಆಗುತ್ತೆ, ಹುಬ್ಬು ತುಸು ಮೇಲೇ ಏಳಬಹುದು. ಹಣೆಗೆ ಹಾಕುವಾಗ ಹುಬ್ಬಿನ ನಡುವೆಯೂ ಹಾಕಿ ಅಂತ ಔಷಧಿಯ ಜೊತೆಗಿನ ಚೀಟಿಯಲ್ಲೇ ಇರೋದು ಇದಕ್ಕೇ.

ಇನ್ನೊಂದು ಇದರ ಉಲ್ಟಾ. ಹಣೆಯ ಮಧ್ಯಕ್ಕೆ ಮಾತ್ರ ಹಾಕಿ ಪಕ್ಕ ಬಿಟ್ಟರೆ ಹುಬ್ಬಿನ ಹೊರತುದಿ ಚೂಪಾಗಿ ಮೇಲೆದ್ದು ನಿಲ್ಲುತ್ತೆ. ಇದನ್ನು ಪಕ್ಕದಲ್ಲಿ ಒಂದೆರಡು ಯೂನಿಟ್ ಹಾಕಿ ಸರಿ ಮಾಡಬಹುದು. ಇಳಿದ ಹುಬ್ಬಿಗೆ ಅಂಥ ಉಪಾಯ ಇಲ್ಲ, ಕಾಯಬೇಕು.

ಸಂಜೆಮುಗಿಲು
ಈಗಲೇ ಮಾಡಿ ನೋಡಿದೆ. ಎಡಗಣ್ಣು ಚೆನ್ನಾಗಿಯೇ ಭಾರ ಅನ್ನಿಸಿತು. ಅಯ್ಯೋ.

ಹಳೇಕನ್ನಡಕ
ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಗಂಡಸರೂ ಹಾಕಿಸಿಕೊಳ್ಳುತ್ತಾರೆ, ನಗಬೇಡಿ. ನಾನು ಹೋದ ಜಾಗದ ಹೆಸರು ಬೇಡ. ಬೋರ್ಡಿನಲ್ಲಿ ಡಾಕ್ಟರ ಹೆಸರಿತ್ತು, ಒಳಗೆ ಡಾಕ್ಟರ್ ಇರಲಿಲ್ಲ. ಸಿರಿಂಜಿಗೆ ಮೊದಲೇ ತುಂಬಿಸಿಟ್ಟಿದ್ದರು. ಎಷ್ಟು ಯೂನಿಟ್ ಅಂದರೆ "ಮೂರು ಏರಿಯಾ ಸರ್" ಅಂದರು. ಬ್ರಾಂಡ್ ಯಾವುದು ಅಂದರೆ "ಇಂಪೋರ್ಟೆಡ್" ಅಂತೆ. ಮುಗೀತು.

ವಾರದೊಳಗೆ ಬಲಗಣ್ಣಿನ ರೆಪ್ಪೆ ಜಾರೋಕೆ ಶುರುವಾಯಿತು. ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಕಪ್ಪುಗುಡ್ಡೆಯ ಅರ್ಧ ಮುಚ್ಚುತ್ತಿತ್ತು. ಮೀಟಿಂಗಿನಲ್ಲಿ ಗಲ್ಲ ಎತ್ತಿಕೊಂಡು ಕೂರುತ್ತಿದ್ದೆ, ಎದುರಿನವರಿಗೆ ನನಗೆ ಸೊಕ್ಕು ಅನ್ನಿಸಿರಬೇಕು. ಅಲ್ಲಿಗೇ ಫೋನ್ ಮಾಡಿದರೆ "ಎಲ್ಲರಿಗೂ ಹೀಗಾಗಲ್ಲ ಸರ್" ಅನ್ನೋ ಉತ್ತರ. ಕೊನೆಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ಅವರು ಅಪ್ರಾಕ್ಲೊನಿಡಿನ್ ಅಂತ ಹನಿ ಕೊಟ್ಟರು. ಹಾಕಿದಾಗ ರೆಪ್ಪೆ ಚೂರು ಏಳುತ್ತೆ, ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯುತ್ತೆ. ಪೂರ್ತಿ ಸರಿ ಹೋಗೋಕೆ ವಾರಗಟ್ಟಲೆ ಹಿಡಿಯಿತು. ಯೂನಿಟ್, ಬ್ರಾಂಡ್ ಕೇಳಿದಾಗ ಕಣ್ಣಿನ ಡಾಕ್ಟರಿಗೆ ಹೇಳೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಚರ್ಮದ_ಡಾಕ್ಟ್ರು
ನಿಮಗಾದದ್ದು ಗೊತ್ತಿರುವ ತೊಂದರೆಯೇ ಸರ್. ಔಷಧಿ ಕಣ್ಣಿನ ಗೂಡಿನೊಳಗೆ ಇಳಿದು ರೆಪ್ಪೆ ಎತ್ತುವ ಸ್ನಾಯುವಿಗೆ ತಾಗಿದರೆ ಹೀಗಾಗುತ್ತೆ. ಅದಕ್ಕೇ ಕಣ್ಣಿನ ಮೇಲಿನ ಮೂಳೆಯ ಅಂಚಿಗಿಂತ ಕನಿಷ್ಠ 1 ಸೆಂಟಿಮೀಟರ್ ಮೇಲೆ ಚುಚ್ಚಬೇಕು. ಹೊಸದರಲ್ಲಿ ನಡೆದ ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು ಮೂರು ಜನಕ್ಕೆ ರೆಪ್ಪೆ ಇಳಿದಿತ್ತು. ಪಳಗಿದ ಕೈಯಲ್ಲಿ ಕಡಿಮೆ, ಆದರೆ ಆಗೋದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಯೂನಿಟ್ ಬಗ್ಗೆ ಇನ್ನೊಂದು ಮಾತು. ಒಂದು ಬ್ರಾಂಡಿನ ಯೂನಿಟ್ ಇನ್ನೊಂದಕ್ಕೆ ಸಮ ಅಲ್ಲ. ಹುಬ್ಬಿನ ನಡುವೆ ಬೊಟಾಕ್ಸ್ 20 ಯೂನಿಟ್ ಆದರೆ ಡಿಸ್ಪೋರ್ಟ್ 50 ಯೂನಿಟ್. "ನಮ್ಮಲ್ಲಿ ಜಾಸ್ತಿ ಯೂನಿಟ್ ಕೊಡ್ತೀವಿ" ಅನ್ನೋ ಜಾಹೀರಾತಿಗೆ ಬ್ರಾಂಡ್ ಗೊತ್ತಿಲ್ಲದೆ ಅರ್ಥವೇ ಇಲ್ಲ.

ಎಲೆಮರೆ
ದವಡೆಗೆ ಯಾರಾದರೂ ಹಾಕಿಸಿದ್ದೀರಾ? ನನಗೆ ರಾತ್ರಿ ಹಲ್ಲು ಕಡಿಯುವ ಅಭ್ಯಾಸ. ಮುಖವೂ ಚೌಕ ಆಗ್ತಿದೆ. ಅಲ್ಲಿಗೆ ಹಾಕಿದರೆ ಮುಖ ತೆಳ್ಳಗಾಗುತ್ತೆ ಅಂತ ರೀಲ್ಸಿನಲ್ಲಿ ನೋಡಿದೆ.

ಕಾಮನಬಿಲ್ಲು
ನನ್ನ ತಂಗಿ ಹಾಕಿಸಿದ್ದಳು. ಮುಖ ಸಣ್ಣಗಾಗಿದ್ದು ಗೊತ್ತಾಗೋಕೆ ಒಂದೆರಡು ತಿಂಗಳಾಯಿತು. ಗಟ್ಟಿ ಪದಾರ್ಥ ಅಗಿಯುವಾಗ ದವಡೆ ಬೇಗ ಸೋಲುತ್ತಿತ್ತು. ನಗುವಾಗ ಒಂದು ಕಡೆ ತುಟಿ ಪೂರ್ತಿ ಏಳುತ್ತಿರಲಿಲ್ಲ. ಆಮೇಲೆ ಸರಿ ಹೋಯಿತು. ಫೋಟೋ ಮಾತ್ರ ಆ ಸಮಯದ್ದು ಒಂದೂ ಇಟ್ಟಿಲ್ಲ.

ಚರ್ಮದ_ಡಾಕ್ಟ್ರು
ಎಲೆಮರೆ ಅವರೇ, ಅಮೆರಿಕದಲ್ಲಿ ಅನುಮತಿ ಸಿಕ್ಕ ಬಳಕೆಗಳಲ್ಲಿ ದವಡೆ ಇಲ್ಲ. ಡಾಕ್ಟರುಗಳು ತಮ್ಮ ತಿಳಿವಳಿಕೆ ಮೇಲೆ ಮಾಡುತ್ತಾರೆ. ತಪ್ಪು ಅಂತಲ್ಲ, ಅದನ್ನು ನಿಮಗೆ ಮೊದಲೇ ಹೇಳಬೇಕು ಅಷ್ಟೇ. ಮುಖದ ಕೆಳಭಾಗದಲ್ಲಿ ಸ್ನಾಯುಗಳು ಒಂದರ ಮೇಲೊಂದು ಹೆಣೆದುಕೊಂಡಿವೆ. ನಗುವ ಸ್ನಾಯು ಅಲ್ಲೇ ಪಕ್ಕದಲ್ಲಿದೆ. ಬಾಯಿ ಸುತ್ತ ಅಳತೆ ಸ್ವಲ್ಪ ತಪ್ಪಿದರೂ ಸೀಟಿ ಊದೋಕೆ, ಸ್ಟ್ರಾದಲ್ಲಿ ಕುಡಿಯೋಕೆ ಕಷ್ಟ. ಕತ್ತಿಗೆ ಹಾಕಿದಾಗ ನುಂಗೋಕೆ ತೊಂದರೆ ಆಗಬಹುದು. ಮೊದಲ ಸಲ ಹಾಕಿಸುವವರು ಕಣ್ಣಿಗಿಂತ ಕೆಳಗೆ ಇಳಿಯದಿದ್ದರೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಗುಬ್ಬಚ್ಚಿ
ನನಗೆ 22. ಈಗಿನಿಂದಲೇ ಹಾಕಿಸಿದರೆ ಮುಂದೆ ಸುಕ್ಕೇ ಬರಲ್ಲ ಅಂತಾರೆ, ನಿಜಾನಾ? ಸೂಜಿ ಬೇಡ ಅಂದ್ರೆ ಬೊಟಾಕ್ಸ್ ಕ್ರೀಮ್ ಇದೆಯಂತಲ್ಲ, ಅದು?

ಬಿಳಿಕೋಟು
ಗುಬ್ಬಚ್ಚಿ ಪುಟ್ಟಿ, ನಾನು ನರ್ಸು, ಇಂಥ ಕ್ಲಿನಿಕ್ಕಿನಲ್ಲೇ ಕೆಲಸ. ಈ ಔಷಧಿಯ ಅಣು ತುಂಬ ದೊಡ್ಡದು, ಚರ್ಮದ ಮೇಲೆ ಹಚ್ಚಿದರೆ ಒಳಗೆ ಹೋಗಲ್ಲ. ಅಂಗಡಿಯ ಕ್ರೀಮಿನಲ್ಲಿ ಅದು ಇರೋದೂ ಇಲ್ಲ, ಹೆಸರು ಮಾತ್ರ. ಮುಖ ಆಡಿಸಿದಾಗ ಮಾತ್ರ ಬರುವ ಗೆರೆ ನಿನಗಿರಬಹುದು. ಸುಮ್ಮನಿದ್ದಾಗಲೂ ಉಳಿಯುವ ಗೆರೆ 22ಕ್ಕೆ ಎಲ್ಲಿಂದ ಬರಬೇಕು? ದಿನಾ ಸನ್‌ಸ್ಕ್ರೀನ್ ಹಚ್ಚು, ಸಿಗರೇಟಿನ ಹತ್ತಿರ ಹೋಗಬೇಡ. ಆ ದುಡ್ಡು ಬೇರೆ ಯಾವುದಕ್ಕಾದರೂ ಇಟ್ಕೋ. ಇಂಗ್ಲೆಂಡಿನಲ್ಲಿ 18 ತುಂಬದವರಿಗೆ ಅಂದಕ್ಕೋಸ್ಕರ ಇದನ್ನು ಕೊಡೋದು 2021ರಿಂದ ಅಪರಾಧ. ಚಿಕ್ಕ ಮಕ್ಕಳು ಸಾಲು ನಿಲ್ಲದಿದ್ದರೆ ಅಂಥ ಕಾನೂನು ಯಾಕೆ ಬೇಕಿತ್ತು ಹೇಳು.

ಸಂಜೆಮುಗಿಲು ಅಕ್ಕ, ನಿಮ್ಮ ನಾದಿನಿ ಗೆಳತಿಯ ಮನೆ ವಿಷಯ ಓದಿ ಎದೆ ಧಸಕ್ಕೆಂದಿತು. ದಯವಿಟ್ಟು ಹೋಗಬೇಡಿ. ಇದು ಪಾರ್ಟಿಯಲ್ಲಿ ಹಂಚುವ ಸಾಮಾನಲ್ಲ.

ಅಸಲಿ ಬಾಟಲಿ ಹೇಗಿರುತ್ತೆ ಅಂತ ಹೇಳ್ತೀನಿ. ಬೊಟಾಕ್ಸ್ ಸಣ್ಣ ಗಾಜಿನ ಬಾಟಲಿಯಲ್ಲಿ ಬರುತ್ತೆ. ಒಳಗೆ ನೋಡಿದರೆ ಖಾಲಿ ಅನ್ನಿಸುತ್ತೆ! ಔಷಧಿ ಒಣಗಿ ತಳದಲ್ಲಿ ಕಂಡೂ ಕಾಣದ ಪೊರೆಯ ಹಾಗೆ ಅಂಟಿಕೊಂಡಿರುತ್ತೆ. ಸಲೈನ್ ಹಾಕಿ ಮೆಲ್ಲಗೆ ಹೊರಳಿಸಿ ಕರಗಿಸಬೇಕು. ಕರಗಿಸುವವರೆಗೂ, ಕರಗಿಸಿದ ಮೇಲೂ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ. ಕರಗಿಸಿದ 24 ಗಂಟೆಯೊಳಗೆ ಮುಗಿಸಬೇಕು ಅಂತ ಕಂಪನಿಯೇ ಬರೆದಿದೆ. ಎಷ್ಟು ಸಲೈನ್ ಹಾಕಿದರು ಅನ್ನೋದರ ಮೇಲೆ ಒಂದು ಹನಿಯಲ್ಲಿ ಎಷ್ಟು ಯೂನಿಟ್ ಅಂತ ನಿಂತಿದೆ. ಜಾಸ್ತಿ ನೀರು ಹಾಕಿದರೆ ಅಗ್ಗ, ಅಷ್ಟೇ ಬೇಗ ಇಳಿದೂ ಹೋಗುತ್ತೆ. ನಾವು ಬಾಟಲಿಯನ್ನು ಪೇಷೆಂಟ್ ಎದುರೇ ತೆರೆದು ಬ್ಯಾಚ್ ನಂಬರ್, ಎಕ್ಸ್‌ಪೈರಿ ತೋರಿಸಿ ಫೈಲಿನಲ್ಲಿ ಬರೆಯುತ್ತೇವೆ. ತೋರಿಸಿ ಅಂದರೆ ಮುಖ ಸಿಂಡರಿಸುವವರ ಹತ್ತಿರ ಹಾಕಿಸಲೇಬೇಡಿ.

ನಕಲಿ ಏನು ಮಾಡುತ್ತೆ ಗೊತ್ತಾ? 2004ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನಾಲ್ಕು ಜನಕ್ಕೆ ಲ್ಯಾಬ್ ಸಂಶೋಧನೆಗೆಂದು ಮಾಡಿದ ವಿಷ ಚುಚ್ಚಿದ್ದರು, ಮನುಷ್ಯರಿಗಲ್ಲದ್ದು. ನಾಲ್ಕೂ ಜನ ಪಾರ್ಶ್ವವಾಯು ಬಡಿದವರ ಹಾಗಾಗಿ ವೆಂಟಿಲೇಟರ್ ಮೇಲೆ ಮಲಗಿದರು. 2024ರಲ್ಲಿ ಅದೇ ದೇಶದ 11 ರಾಜ್ಯಗಳಲ್ಲಿ ನಕಲಿ ಔಷಧಿಯಿಂದಲೋ ಸರಿಯಾಗಿ ಕೊಡದ್ದರಿಂದಲೋ 22 ಹೆಂಗಸರಿಗೆ ತೊಂದರೆಯಾಯಿತು. ಅರ್ಧ ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಕೆಲವರು ಹಾಕಿಸಿಕೊಂಡಿದ್ದು ಮನೆಗಳಲ್ಲಿ, ಲೈಸೆನ್ಸ್ ಇಲ್ಲದವರ ಕೈಯಿಂದ.

ಬಿಸಿಲುಕೋಲು
ನಾನು ಹೇಳಿದ್ದು ಇದನ್ನೇ ಅಲ್ವಾ?

ಕಾಮನಬಿಲ್ಲು
ಅಲ್ಲ ಸರ್. ನೀವು ಹೇಳಿದ್ದು ಯಾರೂ ಹಾಕಿಸಲೇಬಾರದು ಅಂತ. ನೀವು ತಲೆಗೆ ಬಣ್ಣ ಹಚ್ಚಲ್ವಾ?

ಬಿಸಿಲುಕೋಲು
ಹಚ್ಚುತ್ತೇನೆ. ಆದರೆ ಬಣ್ಣ ಹಚ್ಚಿದರೆ ರೆಪ್ಪೆ ಜಾರಲ್ಲ. ನನ್ನ ತಕರಾರು ಬೇರೆ. ನಾಲ್ಕು ತಿಂಗಳಿಗೊಮ್ಮೆ, ಜೀವಮಾನ ಪೂರ್ತಿ. ಇದೊಂದು ಕಂತು ಕಟ್ಟಿದ ಹಾಗೆ. ಶುರು ಮಾಡುವಾಗ ಇದನ್ನು ಯಾರೂ ಹೇಳಲ್ಲ.

ಕಾಮನಬಿಲ್ಲು
ಕಂತಿನ ಮಾತು ಒಪ್ಪಿದೆ. ಆದರೆ ಸಾಲ ಅಲ್ಲ ಇದು, ಯಾವಾಗ ಬೇಕಾದರೂ ಬಿಡಬಹುದು. ನಡುವೆ ಒಂದು ವರ್ಷಕ್ಕೂ ಜಾಸ್ತಿ ನಾನು ಬಿಟ್ಟಿದ್ದೆ. ಗೆರೆ ಮೊದಲಿದ್ದಷ್ಟಕ್ಕೇ ಬಂತು, ಜಾಸ್ತಿ ಏನಾಗಲಿಲ್ಲ. ನುಣುಪು ಮುಖ ನೋಡಿ ಅಭ್ಯಾಸ ಆಗಿರುತ್ತಲ್ಲ, ಅದಕ್ಕೇ ಜಾಸ್ತಿ ಆಯಿತು ಅನ್ನಿಸೋದು.

ಮೌನಿ
ನನಗೆ ಮಯಸ್ತೇನಿಯಾ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬ್ಯೂಟಿ ಸೆಂಟರಿನವರು "ಏನೂ ಆಗಲ್ಲ" ಅಂದರು. ಹಾಕಿಸಬಹುದಾ?

ಚರ್ಮದ_ಡಾಕ್ಟ್ರು
ಬೇಡ. ಖಂಡಿತ ಬೇಡ. ಮಯಸ್ತೇನಿಯಾದಲ್ಲಿ ನರದಿಂದ ಸ್ನಾಯುವಿಗೆ ಸಂದೇಶ ಹೋಗೋದೇ ಕಷ್ಟ. ಈ ಔಷಧಿ ಅದನ್ನೇ ತಡೆಯೋದು. ಮುಖಕ್ಕೆ ಹಾಕಿದ ಸಣ್ಣ ಪ್ರಮಾಣವೂ ನಿಮಗೆ ನುಂಗುವ, ಉಸಿರಾಡುವ ತೊಂದರೆ ತರಬಹುದು. ನಿಮ್ಮ ಕಾಯಿಲೆ ಹೆಸರು ಕೇಳಿಯೂ ಏನೂ ಆಗಲ್ಲ ಅಂದವರಿಗೆ ಅದೇನು ಅಂತಲೇ ಗೊತ್ತಿಲ್ಲ.

ಬೇರೆಯವರಿಗೂ ಹೇಳಿಬಿಡ್ತೀನಿ. ಬೇರೆ ನರ-ಸ್ನಾಯು ಕಾಯಿಲೆ ಇರುವವರಿಗೂ ಇದೇ ಎಚ್ಚರಿಕೆ. ಬಸುರಿಯರು, ಮೊಲೆಹಾಲು ಕುಡಿಸುವವರು ಮುಂದಕ್ಕೆ ಹಾಕಿ, ಸುಕ್ಕು ಎಲ್ಲೂ ಓಡಿಹೋಗಲ್ಲ. ಜೆಂಟಾಮೈಸಿನ್ ಥರದ ಆಂಟಿಬಯೋಟಿಕ್ ತಗೊಳ್ಳುತ್ತಿದ್ದರೆ ಹೇಳಿ, ಅದು ಈ ಔಷಧಿಯ ಜೋರನ್ನು ಹೆಚ್ಚಿಸುತ್ತೆ. ಡಿಸ್ಪೋರ್ಟಿನಲ್ಲಿ ಹಸುವಿನ ಹಾಲಿನ ಪ್ರೋಟೀನ್ ಅಂಶ ಇರಬಹುದು, ಅದಕ್ಕೆ ಅಲರ್ಜಿ ಇರುವವರಿಗೆ ಆಗಲ್ಲ. ಚುಚ್ಚುವ ಜಾಗದಲ್ಲಿ ಕೀವು, ಸೋಂಕು ಇದ್ದರೆ ಅದು ವಾಸಿಯಾಗಲಿ.

ಔಷಧಿ ಚುಚ್ಚಿದ ಜಾಗ ಬಿಟ್ಟು ದೂರಕ್ಕೆ ಹರಡಬಹುದು ಅನ್ನೋ ಕಟ್ಟೆಚ್ಚರಿಕೆಯನ್ನು ಎಫ್‌ಡಿಎ 2009ರಲ್ಲಿ ಎಲ್ಲ ಬ್ರಾಂಡಿನ ಚೀಟಿಗೂ ಹಾಕಿಸಿತು. ಸುಕ್ಕಿಗೆ ಕೊಡುವ ಪ್ರಮಾಣದಲ್ಲಿ, ಸರಿಯಾಗಿ ಕೊಟ್ಟಾಗ ಇದು ತೀರಾ ಅಪರೂಪ. ಆದರೂ ಲಕ್ಷಣ ಗೊತ್ತಿರಲಿ. ಎರಡೆರಡಾಗಿ ಕಾಣೋದು, ಮಾತು ತೊದಲೋದು, ದನಿ ಬದಲಾಗೋದು, ನುಂಗೋಕಾಗದೆ ಇರೋದು, ಕೈಕಾಲಿನ ಬಲ ಹೋಗೋದು, ಉಸಿರು ಕಟ್ಟೋದು. ಕೆಲವು ಗಂಟೆಯಲ್ಲೂ ಬರಬಹುದು, ವಾರಗಳ ಮೇಲೂ ಬರಬಹುದು. ಬಂದರೆ ಹಾಕಿದವರಿಗೆ ಫೋನ್ ಮಾಡ್ತಾ ಕೂರಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ, ಇಂಜೆಕ್ಷನ್ ತಗೊಂಡಿದ್ದೇನೆ ಅಂತ ಮೊದಲ ಮಾತಲ್ಲೇ ಹೇಳಿ.

ಎಲೆಮರೆ
ಫಿಲ್ಲರ್ ಹಾಕಿಸಿ ಬೇಜಾರಾದರೆ ಕರಗಿಸುವ ಇಂಜೆಕ್ಷನ್ ಇದೆಯಲ್ಲ. ಇದಕ್ಕೂ ಹಾಗೆ ಇದೆಯಾ?

ಬಿಳಿಕೋಟು
ಇಲ್ಲ. ಎರಡೂ ಒಂದೇ ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಫಿಲ್ಲರ್ ಅಂದರೆ ಗುಳಿಯೊಳಗೆ ಜೆಲ್ ತುಂಬೋದು. ಹೈಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಹೈಲುರಾನಿಡೇಸ್ ಹಾಕಿ ಕರಗಿಸಬಹುದು. ಆದರೆ ಅದರ ಅಪಾಯ ಬೇರೆ. ರಕ್ತನಾಳದೊಳಗೆ ಹೋದರೆ ಚರ್ಮ ಕೊಳೆಯಬಹುದು, ಕಣ್ಣೂ ಹೋಗಬಹುದು. ಬೊಟಾಕ್ಸಿಗೆ ಉಲ್ಟಾ ಮದ್ದಿಲ್ಲ. ಬಾಟುಲಿಸಂಗೆ ಕೊಡುವ ಆಂಟಿಟಾಕ್ಸಿನ್ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತೆ. ನರದೊಳಗೆ ಆಗಲೇ ಹೊಕ್ಕಿದ್ದನ್ನು ಬಿಡಿಸಲ್ಲ.

ಸಂಜೆಮುಗಿಲು
ಎಲ್ಲ ಓದಿದೆ, ಯಜಮಾನರಿಗೂ ಓದಿಸಿದೆ. ಹಣೆ ಬಿಟ್ಟುಬಿಟ್ಟೆ. ಮನೆ ಪಾರ್ಟಿ ಅಂತೂ ಇಲ್ಲವೇ ಇಲ್ಲ, ನಾದಿನಿಗೂ ಬೈದೆ. ಹುಬ್ಬಿನ ನಡುವೆ ಮಾತ್ರ ಹಾಕಿಸೋಣ ಅಂತ ಚರ್ಮದ ಡಾಕ್ಟರೊಬ್ಬರ ಹತ್ತಿರ ಟೈಮ್ ತಗೊಂಡಿದ್ದೇನೆ. ನನ್ನ ಗೆರೆ ಸುಮ್ಮನಿದ್ದಾಗಲೂ ಕಾಣುತ್ತೆ. ಅದು ಪೂರ್ತಿ ಹೋಗುತ್ತಾ? ಹಾಕಿಸಿದ ದಿನ ಏನೇನು ಮಾಡಬಾರದು?

ಚರ್ಮದ_ಡಾಕ್ಟ್ರು
ಪೂರ್ತಿ ಹೋಗಲಿಕ್ಕಿಲ್ಲ. ಆಗಲೇ ಚರ್ಮದಲ್ಲಿ ಅಚ್ಚೊತ್ತಿದ ಗೆರೆ ಮಾಸುತ್ತೆ, ಅಳಿಸಿಹೋಗಲ್ಲ. ಕೆಲವರಿಗೆ ಎರಡು ಮೂರು ಸಲ ಆದ ಮೇಲೆ ಇನ್ನಷ್ಟು ತಿಳಿಯಾಗುತ್ತೆ. ಹೋಗೋ ಮೊದಲು ಒಂದು ಫೋಟೋ ಗಂಟಿಕ್ಕಿ, ಒಂದು ಸುಮ್ಮನಿದ್ದು ತೆಗೆಸಿಕೊಳ್ಳಿ. ಆಮೇಲೆ ಹೋಲಿಸಿ ನೋಡೋಕೆ ಬೇಕು.

ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ನೀಲಿಗಟ್ಟೋದು ಜಾಸ್ತಿ ಆಗಬಹುದು, ಅಷ್ಟೇ. ಹಾಕಿಸಿದ ದಿನ ಆ ಜಾಗ ಉಜ್ಜಬೇಡಿ, ಫೇಶಿಯಲ್, ಮಸಾಜ್ ಬೇಡ. ನಾಲ್ಕು ಗಂಟೆ ಮಲಗಬೇಡಿ, ಜೋರಾದ ವ್ಯಾಯಾಮ ಬೇಡ ಅಂತ ನಾವೆಲ್ಲ ಹೇಳುತ್ತೇವೆ. ಇದಕ್ಕೆ ಗಟ್ಟಿ ಪುರಾವೆ ಏನಿಲ್ಲ, ಆದರೆ ಪಾಲಿಸಿದರೆ ನಷ್ಟವೂ ಇಲ್ಲ. ಎರಡು ವಾರ ಆಗುವ ಮೊದಲು "ಇನ್ನೂ ಸ್ವಲ್ಪ ಹಾಕಿ" ಅಂತ ಹೋಗಬೇಡಿ, ಅಲ್ಲಿಯವರೆಗೆ ಇದರ ಪೂರ್ತಿ ಪರಿಣಾಮ ಗೊತ್ತಾಗಲ್ಲ. ಮುಂದಿನ ಸಲಕ್ಕೂ ಕನಿಷ್ಠ ಮೂರು ತಿಂಗಳು ಬಿಡಿ. ಪದೇಪದೇ, ಜಾಸ್ತಿ ಜಾಸ್ತಿ ಹಾಕಿಸಿದರೆ ಕೆಲವರ ಮೈಯಲ್ಲಿ ಪ್ರತಿಕಾಯ ಹುಟ್ಟಿ ಔಷಧಿಯೇ ಕೆಲಸ ಮಾಡಲ್ಲ.

ಹಳೇಕನ್ನಡಕ
ಮೇಡಂ, ಬರುವಾಗ ಬ್ರಾಂಡ್, ಬ್ಯಾಚ್ ನಂಬರ್, ಯೂನಿಟ್, ಎಲ್ಲೆಲ್ಲಿ ಚುಚ್ಚಿದರು ಅಂತ ಬರೆದ ಚೀಟಿ ಇಸ್ಕೊಳ್ಳದೆ ಎದ್ದು ಬರಬೇಡಿ.

ಸಂಜೆಮುಗಿಲು
ಖಂಡಿತ ಇಸ್ಕೊಳ್ತೀನಿ ಸರ್. ಆ ಎಡಗಣ್ಣಿನ ಭಾರದ ವಿಷಯವನ್ನೂ ಡಾಕ್ಟರಿಗೆ ತೋರಿಸಿ ಕೇಳ್ತೀನಿ.